ಸಂತೆಯ ದಿನ ತೋರಿಸಿದ ಮನೆ

ನನ್ನ ಭಾವ ಆ ಮನೆಯನ್ನು ಮೊದಲು ನೋಡಿದ್ದು ಸಂತೆಯ ದಿನ. ವಾಡಿಯಿಂದ ರಾವೂರಿನ ಕಡೆಗೆ ಹೋಗುವಾಗ ದಾರಿಯಿಂದ ಸ್ವಲ್ಪ ಒಳಗೆ ಸರಿದ ಹಳ್ಳಿ ಅದು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಹೊಸತು. ಆ ಕಡೆ ಇನ್ನೂ ಸಿಮೆಂಟ್ ಕಾರ್ಖಾನೆಗಳು ಬರುತ್ತವೆ, ಬಂದರೆ ಅಲ್ಲಿ ಒಂದು ಗೋಡೆ ಇದ್ದವನೂ ಸಾಹುಕಾರನಾಗುತ್ತಾನೆ ಎಂದು ಗುಲ್ಬರ್ಗದ ಚಹಾದಂಗಡಿಗಳಲ್ಲಿ ಮಾತು ನಡೆಯುತ್ತಿತ್ತು. ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಭಾವ ಆ ಮಾತನ್ನು ನಂಬಿದರು. ಅಕ್ಕನ ಬಂಗಾರ ಮಾರಿ ಮನೆ ಕೊಂಡರು. ಬಂಗಾರ ಅವಳದ್ದಾದ್ದರಿಂದ ಖರೀದಿ ಪತ್ರವೂ ಅವಳ ಹೆಸರಿಗೇ ಆಯಿತು. ಸ್ವಲ್ಪ ಕಾಲ ಅಲ್ಲಿದ್ದು, ಬೆಲೆ ಏರಿದಾಗ ಮಾರಿ, ಗುಲ್ಬರ್ಗದಲ್ಲಿ ನಮ್ಮವ್ವನ ಮನೆಯ ಹತ್ತಿರ ಒಂದು ಮನೆ ಮಾಡುವುದು ಅವರ ವಿಚಾರ. ಅಕ್ಕನಿಗೆ ಬೇಕಾಗಿದ್ದದ್ದು ಅದೊಂದೇ. ಅವ್ವನ ಹತ್ತಿರ ಇರಬೇಕು.

ಮನೆ ಚೆನ್ನಾಗಿಯೇ ಇತ್ತು. ಗೋಡೆ ಕಲ್ಲಿನದು, ನೆಲ ಕಲ್ಲಿನದು, ಮೇಲೆ ತೊಲೆಗಳ ಮೇಲೆ ಹಾಸಿದ ಶಹಾಬಾದ್ ಕಲ್ಲಿನ ಚಪ್ಪಡಿಗಳು. ಬೇಸಿಗೆಯಲ್ಲೂ ಒಳಗೆ ತಂಪು. ಮನೆಯ ಹಿಂದೆ ಒಂದು ಬಯಲು, ಬಯಲಿನಾಚೆ ಕಲ್ಲುಗಣಿ. ಭಾವ ನೋಡಲು ಹೋದ ದಿನ ಗಣಿಯಲ್ಲಿ ಒಬ್ಬರೂ ಇರಲಿಲ್ಲ. ಅವರು ಅದನ್ನು ಹಳೆಯ ಗಣಿ ಎಂದುಕೊಂಡರು. ಮಾರುವವನೂ ಅಲ್ಲವೆನ್ನಲಿಲ್ಲ.

ನಾನು ಬಿ.ಎ. ಪರೀಕ್ಷೆ ಮುಗಿಸಿ ಅಕ್ಕನ ಮನೆಗೆ ಹೋದದ್ದು ಆಮೇಲಿನ ವರ್ಷ. ಹೋದ ಮರುದಿನ ಮಧ್ಯಾಹ್ನ ಪಡಸಾಲೆಯಲ್ಲಿ ಏನೋ ಓದುತ್ತ ಕುಳಿತಿದ್ದೆ. ದೂರದಿಂದ ಉದ್ದನೆಯ ಸೀಟಿ ಕೇಳಿಸಿತು. ಅಕ್ಕ ಒಲೆಯ ಬೆಂಕಿ ಹಿಂದಕ್ಕೆಳೆದು, ರೊಟ್ಟಿಯ ಬುಟ್ಟಿ ಎತ್ತಿಕೊಂಡಳು. ಅಷ್ಟರಲ್ಲಿ ಬಾಗಿಲಲ್ಲಿ ಪಕ್ಕದ ಮನೆಯ ಮುದುಕಿ ನಿಂತಿದ್ದಳು, ಕೈಯಲ್ಲಿ ಆಡಿನ ಹಗ್ಗ. ಆ ಓಣಿಯವರೆಲ್ಲ, ಹಿಂದೂಗಳೂ ಮುಸಲ್ಮಾನರೂ, ಅವಳನ್ನು ಖಾಲಾ, ಅಂದರೆ ಚಿಕ್ಕವ್ವ, ಎಂದೇ ಕರೆಯುತ್ತಿದ್ದರು.

“ಏ ಕಾಲೇಜಿನಾಕಿ, ಪುಸ್ತಕ ಇಟ್ಟು ಏಳು. ಸೀಟಿ ಕೇಳಲಿಲ್ಲೇನು? ನನ್ನ ಆಡು ನೋಡು, ಸೀಟಿ ಕೇಳಿದ ಕೂಡಲೆ ತಾನೇ ಎದ್ದು ಹೊಂಟದ. ಸಾಲಿ ಕಲ್ತಿಲ್ಲ ಅದು!”

ಕಲ್ಲಿಗೆ ತೂತು ಕೊರೆದು, ಮದ್ದು ತುಂಬಿ ಸಿಡಿಸುವುದಕ್ಕೆ ಅಲ್ಲಿ ಸುರಂಗ ಹಾರಿಸುವುದು ಎನ್ನುತ್ತಿದ್ದರು. ಗಣಿಯ ಆಳುಗಳು ಊಟಕ್ಕೆ ಬಿಟ್ಟ ಹೊತ್ತಿನಲ್ಲಿ, ಕೆಂಪು ಬಟ್ಟೆ ತೋರಿಸಿ ಸೀಟಿ ಊದಿ ಸುರಂಗ ಹಾರಿಸುತ್ತಿದ್ದರು. ಬಯಲಿನ ಅಂಚಿನ ಓಣಿಗೆ ಆಗಾಗ ಕಲ್ಲು ಹಾರಿ ಬರುತ್ತಿತ್ತು. ಅದಕ್ಕೇ ಸೀಟಿ ಕೇಳಿದೊಡನೆ ಓಣಿಯ ಹೆಂಗಸರು ಕೂಸು, ರೊಟ್ಟಿ, ನೀರಿನ ತಂಬಿಗೆ ಎತ್ತಿಕೊಂಡು ದರ್ಗಾದ ಹುಣಸೆಮರದ ಕೆಳಗೆ ಹೋಗಿ ಕೂಡುತ್ತಿದ್ದರು. ಗಣಿಗೂ ಮರಕ್ಕೂ ನಡುವೆ ಒಡೆದ ಕಲ್ಲಿನ ದೊಡ್ಡ ದಿಬ್ಬ ಇದ್ದುದರಿಂದ ಅಲ್ಲಿಗೆ ಯಾವ ಕಲ್ಲೂ ಬರುತ್ತಿರಲಿಲ್ಲ. ಸದ್ದಾಗಿ ಧೂಳು ಇಳಿದ ಮೇಲೂ ಯಾರೂ ಬೇಗ ಏಳುತ್ತಿರಲಿಲ್ಲ. ಗಂಡಸರಿಲ್ಲದ ಆ ಹೊತ್ತು ಅವರಿಗೆ ಸೇರಿದ್ದು. ಒಬ್ಬರ ಪಲ್ಯ ಇನ್ನೊಬ್ಬರ ರೊಟ್ಟಿಗೆ ಹೋಗುತ್ತಿತ್ತು, ಒಬ್ಬರ ಅತ್ತೆಯ ಸುದ್ದಿ ಎಲ್ಲರ ಬಾಯಿಗೆ.

“ನಿನ್ನ ಗಂಡಗ ಈ ಮನಿ ಯಾವತ್ತು ತೋರಿಸಿದ್ರವ್ವಾ?” ಎಂದು ಆ ದಿನ ಒಬ್ಬಳು ಅಕ್ಕನನ್ನು ಕೇಳಿದಳು. ಉತ್ತರ ಎಲ್ಲರಿಗೂ ಗೊತ್ತಿತ್ತು. ನನ್ನೆದುರು ಮತ್ತೊಮ್ಮೆ ಹೇಳಿಸಬೇಕಾಗಿತ್ತು, ಅಷ್ಟೆ.

“ಸೋಮವಾರ,” ಎಂದಳು ಅಕ್ಕ.

“ಸಂತಿ ದಿನ!” ಖಾಲಾ ತೊಡೆ ತಟ್ಟಿಕೊಂಡು ನಕ್ಕಳು. “ಸಂತಿ ದಿನ ಖಣಿ ಬಂದ್ ಇರ್ತದ. ಕುಂಟ ಹುಡುಗಿಗಿ ಕಾಲು ಮುಚ್ಚಿ ಕುಂದ್ರಿಸಿ ವರಗ ತೋರಿಸಿದಂಗ ಆತಲ್ಲ ಬೇಟಿ. ಹೋಗಲಿ, ನಿಮಗೂ ಒಬ್ಬ ಗಿರಾಕಿ ಸಿಗ್ತಾನ. ಅವನಿಗೂ ಸೋಮವಾರನೇ ಬಾ ಅನ್ರಿ!”

ಎಲ್ಲರೂ ನಕ್ಕರು. ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಭಾವ ಬೆಳಿಗ್ಗೆ ವಾಡಿಯಲ್ಲಿ ಗಾಡಿ ಹಿಡಿದು ಗುಲ್ಬರ್ಗದ ಅಂಗಡಿಗೆ ಹೋದರೆ ಮರಳುತ್ತಿದ್ದದ್ದು ಸಂಜೆಗೆ. ಆ ಮಧ್ಯಾಹ್ನಗಳು ಅವರಿಗೆ ಕೇಳಿ ಗೊತ್ತೇ ಹೊರತು ಕಂಡು ಗೊತ್ತಿರಲಿಲ್ಲ. ಆದರೆ ಖಾಲಾ ನಗೆಯಾಡಿದ್ದನ್ನು ಅವರು ನಿಜವಾಗಿಯೇ ಮಾಡಲು ಹೊರಟರು. ಸೇಡಂ ಕಡೆಯ ಒಬ್ಬ ತೊಗರಿ ವ್ಯಾಪಾರಿ ಮನೆ ಕೊಳ್ಳುವ ಮನಸ್ಸು ಮಾಡಿದ್ದ. ಕಾರ್ಖಾನೆಯ ಕೆಲಸಗಾರರಿಗೆ ಖೋಲಿ ಬಾಡಿಗೆ ಕೊಡುವುದು ಅವನ ಯೋಚನೆ. ಸೋಮವಾರ ಬನ್ನಿ ಎಂದು ಭಾವ ಹೇಳಿ ಕಳಿಸಿದರು. ಮನೆಗೆ ಸುಣ್ಣ ಹೊಡೆಯಲು ಅದಕ್ಕೆ ಮುಂಚೆ ಎರಡು ದಿನ ರಜೆ ಹಾಕಿದರು.

ವ್ಯಾಪಾರಿ ಶನಿವಾರವೇ ಬಂದುಬಿಟ್ಟ.

“ಚಿತ್ತಾಪುರದಾಗ ಕೆಲಸ ಇತ್ತು, ಹಂಗೇ ಬಂದ್ನಿ. ಅಡ್ಡಿ ಇಲ್ಲಲ್ರಿ?” ಎಂದು ಚಪ್ಪಲಿ ಬಿಟ್ಟು ಒಳಗೆ ಬಂದ. ಭಾವನ ಕೈಯಲ್ಲಿ ಸುಣ್ಣದ ಕುಂಚ ಹಾಗೇ ಇತ್ತು. “ಬರ್ರಿ, ಕುಂದ್ರಿ,” ಎಂದರು. ಮುಖ ಮಾತ್ರ ಬಿಳಚಿತ್ತು. ಅಡುಗೆಮನೆಗೆ ಬಂದು ಅಕ್ಕನಿಗೆ ಮೆಲ್ಲಗೆ ಹೇಳಿದರು:

“ಇವತ್ತೊಂದು ದಿನ ಹೊರಗ ಹೋಗಬ್ಯಾಡ. ನೀವು ಬುಟ್ಟಿ ಹಿಡ್ಕೊಂಡು ಓಡಿದ್ರ ಅಂವ ಚಹಾ ಕುಡಿದು ಎದ್ದು ಹೋಗ್ತಾನ. ಇದು ಕೈ ತಪ್ಪಿದ್ರ ಮತ್ತ ಯಾರೂ ಬರಲ್ಲ. ಚಾವಣಿ ಗಟ್ಟಿ ಅದ, ಏನೂ ಆಗಲ್ಲ.”

“ನಾವಷ್ಟೇ ಅಲ್ಲ, ಅಂವನೂ ಒಳಗ ಇರ್ತಾನಲ್ಲ,” ಎಂದಳು ಅಕ್ಕ.

“ನಿನಗ ಅವ್ವನ ಹತ್ತಿರ ಹೋಗಬೇಕಿಲ್ಲೇನು?”

ಅಕ್ಕ ಒಲೆಯ ಕಡೆಗೆ ತಿರುಗಿದಳು. ಚಹಾಕ್ಕೆ ನೀರಿಟ್ಟಳು.

ಆಮೇಲಿನದನ್ನು ನಾನು ಇಷ್ಟು ವರ್ಷಗಳಲ್ಲಿ ಎಷ್ಟು ಸಲ ಮತ್ತೆ ಕಂಡಿದ್ದೇನೋ. ಪ್ರತಿ ಸಲವೂ ಎಲ್ಲೋ ಒಂದು ಕಡೆ ಅದು ಬೇರೆ ದಾರಿ ಹಿಡಿದೀತು ಎಂದು ಕಾಯುತ್ತೇನೆ. ಹಿಡಿಯುವುದಿಲ್ಲ.

ಸೀಟಿ ಊದಿತು. ಭಾವ ಎದ್ದು ಹೋಗಿ ಬಾಗಿಲಿಗೆ ಅಗಳಿ ಹಾಕಿ, ಕಿಟಕಿ ಮುಚ್ಚಿದರು. ಧೂಳು ಭಾಳ ಎಂದರು. ಮುಚ್ಚುವ ಮೊದಲು ವ್ಯಾಪಾರಿ ಓಣಿಯನ್ನು ನೋಡಿದ್ದ.

“ಇವರೆಲ್ಲಾ ಬುಟ್ಟಿ ಹಿಡ್ಕೊಂಡು ಎಲ್ಲಿಗಿ ಹೊಂಟಾರ್ರೀ?”

“ದರ್ಗಾಕ್ಕ. ಶನಿವಾರ ಏನೋ ಹರಕಿ ಇರಬೇಕ್ರಿ.”

“ಆಡೂ ಹೊಂಟದಲ್ಲ?”

“ಅದರದೂ ಹರಕಿ,” ಎಂದು ಭಾವ ನಕ್ಕರು. ವ್ಯಾಪಾರಿಯೂ ನಕ್ಕ. ಅವನ ಬಸಿಯಲ್ಲಿ ಚಹಾ ತುಳುಕಿತು. ನಾನು ತಟ್ಟೆ ಹಿಡಿದು ಗೋಡೆಗೆ ಒತ್ತಿ ನಿಂತಿದ್ದೆ. ತಲೆಯ ಮೇಲಿನ ಚಪ್ಪಡಿಗಳನ್ನು ಬಿಟ್ಟು ಬೇರೇನೂ ನನಗೆ ಕಾಣುತ್ತಿರಲಿಲ್ಲ.

ಆಗ ಬಾಗಿಲು ಬಡಿದ ಸದ್ದು. ಹುಣಸೆಮರದ ಕೆಳಗೆ ನಾವಿಬ್ಬರೂ ಕಾಣದೆ ಖಾಲಾ ತಿರುಗಿ ಬಂದಿದ್ದಳು.

“ಏ ಬೇಟಿ! ಒಳಗೇನು ಮಾಡಾಕತ್ತೀರಿ? ಸೀಟಿ ಆಗಿ ಎಷ್ಟೊತ್ತಾತು! ಹೊರಗ ಬರ್ರಿ!”

ವ್ಯಾಪಾರಿ ಬಸಿ ಕೆಳಗಿಟ್ಟು ಭಾವನ ಮುಖ ನೋಡಿದ.

“ಪಕ್ಕದ ಮನಿ ಮುದುಕಿ,” ಎಂದರು ಭಾವ. “ತಲಿ ಸರಿ ಇಲ್ರಿ ಪಾಪ. ದಿನಾ ಹಿಂಗೇ ಬಂದು ಒದರ್ತಾಳ.”

ಆ ಮಾತು ಅಡುಗೆಮನೆಗೆ ಕೇಳಿಸಿತು. ಅಕ್ಕ ಹೊರಬಂದಳು, ಕೈಗೆಲ್ಲ ಜೋಳದ ಹಿಟ್ಟು. ಗಂಡನನ್ನು ನೋಡಲಿಲ್ಲ, ಬಂದವನನ್ನೂ ನೋಡಲಿಲ್ಲ. ನೆಟ್ಟಗೆ ಹೋಗಿ ಅಗಳಿಯ ಮೇಲೆ ಕೈಯಿಟ್ಟಳು. “ಬಂದ್ನಿ ಖಾಲಾ,” ಎಂದಳು. ಆ ಕಡೆಯಿಂದ “ಲಗೂ ಬಾ” ಎಂದದ್ದು ಕೇಳಿಸಿತು.

ನೆಲ ಒಮ್ಮೆ ಮೇಲೆದ್ದು ಕುಳಿತಂತಾಯಿತು. ಸದ್ದು ಆಮೇಲೆ ಬಂತು. ತೊಲೆಗಳ ಸಂದಿಯಿಂದ ಮಣ್ಣು ಸುರಿಯಿತು, ಮಾಳಿಗೆಯ ಮೇಲೆ ಕಲ್ಲುಗಳು ಉರುಳಿದವು. ನಾನು ತಲೆಯ ಮೇಲೆ ತಟ್ಟೆ ಹಿಡಿದುಕೊಂಡು ಕುಕ್ಕರಿಸಿದ್ದೆ. ಭಾವ ಹೇಳಿದ್ದು ನಿಜ, ಚಾವಣಿ ಗಟ್ಟಿಯಿತ್ತು. ಒಳಗಿದ್ದ ನಮಗೆ ಒಂದು ಗೀರೂ ಆಗಲಿಲ್ಲ.

ಅಕ್ಕ ಬಾಗಿಲು ತೆರೆದಳು. ಖಾಲಾ ಮೆಟ್ಟಿಲ ಕೆಳಗೆ ಮಗ್ಗುಲಾಗಿ ಬಿದ್ದಿದ್ದಳು, ಒಂದು ಕೈ ಇನ್ನೂ ಹೊಸ್ತಿಲಿನ ಕಡೆಗೆ. ಹತ್ತಿರದಲ್ಲೇ ಕಲ್ಲು ಬಿದ್ದಿತ್ತು, ತೆಂಗಿನಕಾಯಿಗಿಂತ ದೊಡ್ಡದೇನಲ್ಲ. ಅಕ್ಕ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಿಟ್ಟಿನ ಕೈಯಿಂದಲೇ ಕೆನ್ನೆ ಸವರುತ್ತ, “ಬಂದ್ನಲ್ಲ ಖಾಲಾ, ಬಂದ್ನಲ್ಲ” ಎನ್ನುತ್ತಿದ್ದಳು. ವ್ಯಾಪಾರಿಯ ಚಹಾದ ಮೇಲೆ ಬಿಳಿ ಧೂಳು ಕೂತಿತ್ತು. ಅದು ನನಗೆ ಯಾಕೆ ನೆನಪಿದೆಯೋ ತಿಳಿಯದು.

ಸಂಜೆ ಮಣ್ಣು ಮಾಡಿದರು. ಭಾವ ಎಲ್ಲರ ಹಿಂದೆ ನಡೆದು ಹೋಗಿ ಕಬರಸ್ತಾನದ ಗೋಡೆಯ ಹೊರಗೆ ನಿಂತಿದ್ದರು. ಖಾಲಾನ ಮಗಳು ಗಂಡನ ಮನೆಯಿಂದ ಬಂದು, ಪಾತ್ರೆ ಪಡಗ ಗಂಟು ಕಟ್ಟಿಕೊಂಡು ಹೋದಳು. ಆಡನ್ನು ಬಸ್ಸಿನಲ್ಲಿ ಒಯ್ಯಲಾಗದೆ ಅಕ್ಕನ ಹತ್ತಿರ ಬಿಟ್ಟಳು. ಗಣಿಯವರು ಸೀಟಿ ಊದಿದ್ದೆವು, ಬಟ್ಟೆ ತೋರಿಸಿದ್ದೆವು ಎಂದರು. ಅದೂ ಸುಳ್ಳಲ್ಲ.

ಕೆಲವು ವಾರಗಳ ಮೇಲೆ ಸೇಡಂನಿಂದ ಹೇಳಿಕೆ ಬಂತು. ವ್ಯಾಪಾರಿಗೆ ಮನೆ ಈಗಲೂ ಬೇಕಂತೆ. ಅಷ್ಟು ಕಲ್ಲು ಬಿದ್ದರೂ ಅಲುಗದ ಚಾವಣಿ, ಬಾಡಿಗೆಗೆ ಬರುವವರು ಮಧ್ಯಾಹ್ನ ಕೆಲಸದಲ್ಲಿರುತ್ತಾರೆ ಎಂದನಂತೆ. ಭಾವ ಆ ಸುದ್ದಿಯನ್ನು ನೆಲ ನೋಡುತ್ತ ಹೇಳಿದರು.

“ಅವರ ಹೆಂಡಂದ್ರು ಎಲ್ಲಿರ್ತಾರಂತ?” ಅಕ್ಕ ಕೇಳಿದಳು.

ಭಾವ ಚಾಪೆಯ ಅಂಚಿನ ಕಡ್ಡಿ ಕೀಳುತ್ತಿದ್ದರು.

“ನಾ ಸಹಿ ಮಾಡಲ್ಲ. ಮಾರಂಗಿಲ್ಲ.”

“ಮತ್ತ ಅವ್ವನ ಹತ್ತಿರ?”

“ಅವ್ವ ನನ್ನ ಬಾಗಿಲಿಗಿ ಬಂದು ಸತ್ತಿಲ್ಲ,” ಎಂದಳು. ಭಾವ ಎದ್ದು ಹೊರಗೆ ಹೋದರು. ಅದಾದ ಮೇಲೆ ಆ ಮನೆಯಲ್ಲಿ ಮಾರುವ ಮಾತು ಬರಲಿಲ್ಲ.

ನಮ್ಮವ್ವ ತೀರಿಹೋದಾಗಲೂ ಅಕ್ಕ ಅಲ್ಲಿಂದಲೇ ಬಂದಳು, ಸೂತಕದ ದಿನಗಳು ಮುಗಿದ ಕೂಡಲೇ ಅಲ್ಲಿಗೇ ಹೊರಟಳು. ನಾಲ್ಕು ದಿನ ಇರು ಎಂದರೆ, “ಓಣಿಗಿ ಹೊಸಬರು ಬಂದಾರ, ಅವರಿಗಿ ಸೀಟಿ ಇನ್ನಾ ರೂಢಿಲ್ಲ,” ಎಂದಳು.

ನನಗೆ ಕೆಲಸ ಸಿಕ್ಕಮೇಲೆ ಒಮ್ಮೆ ಅವಳ ಮನೆಗೆ ಹೋಗಿದ್ದೆ. ಅಷ್ಟರಲ್ಲಿ ಭಾವ ಎದೆನೋವೆಂದು ಅಂಗಡಿಯ ಕೆಲಸ ಬಿಟ್ಟಿದ್ದರು. ಮಧ್ಯಾಹ್ನ ಸೀಟಿ ಊದಿತು. ನಾನು ಆಗಲೇ ಓಣಿಗೆ ಇಳಿದಿದ್ದೆ. ಅಕ್ಕ ಆಡಿನ ಹಗ್ಗ ಬಿಚ್ಚಿ, ಅವಸರವಿಲ್ಲದೆ ಓಣಿಯ ತುದಿಯಿಂದ ಒಂದೊಂದೇ ಬಾಗಿಲು ಬಡಿಯುತ್ತ ಬಂದಳು. “ಏಳ್ರಿ, ಹೊರಗ ಬರ್ರಿ.” ಕೊನೆಗೆ ತನ್ನ ಮನೆಯ ಬಾಗಿಲನ್ನೇ ಬಡಿದಳು. ಭಾವ ಹೊರಗೆ ಬಂದರು. ಮೆಟ್ಟಿಲ ಕೆಳಗೆ ಒಂದು ಕಡೆ ಕಾಲಿಡದೆ ದಾಟಿ, ನೀರಿನ ತಂಬಿಗೆ ಹಿಡಿದು ನಮ್ಮ ಹಿಂದೆ ನಡೆದರು. ಹುಣಸೆಮರದ ಕೆಳಗೆ ಹೆಂಗಸರಿಂದ ದೂರ, ಬೆನ್ನು ತಿರುಗಿಸಿ ಕುಳಿತರು.

ಸದ್ದಾಯಿತು. ಧೂಳು ಇಳಿಯಿತು. ಒಬ್ಬಳು ಹೊಸ ಹುಡುಗಿ ಏನೋ ಹೇಳಿ ನಗಿಸಿದಳು, ಅಕ್ಕನೂ ನಕ್ಕಳು. ನಾನು ಮಾತ್ರ ಕಿವಿಯಿಂದ ಕೈ ತೆಗೆದಿರಲಿಲ್ಲ.