ಚಪ್ಪಲಿಯೊಳಗಿನ ಬೆಣೆ

ಬಾಗಿಲು ಕೂರಿಸುವ ಆ ಬಡಗಿಗೆ ಒಂದು ಹಟವಿತ್ತು. ಬಾಗಿಲಿನ ಹಿಂಜ್‌ಗಳಲ್ಲಿ ಒಂದು ಸವೆದಿದೆ, ಅದೊಂದನ್ನೇ ಬದಲಾಯಿಸಿಕೊಡು ಎಂದು ಯಾರಾದರೂ ಕೇಳಿದರೆ ಕೈಚೀಲ ಎತ್ತಿಕೊಂಡು ಹೊರಟೇಬಿಡುತ್ತಿದ್ದ. ಹಳೆಯದೂ ಹೊಸದೂ ಒಟ್ಟಿಗೆ ಸಂಸಾರ ಮಾಡುವುದಿಲ್ಲ, ಬಾಗಿಲು ಜೋಲುತ್ತದೆ, ಬೈಗುಳ ಮಾತ್ರ ನನಗೆ ಎನ್ನುವುದು ಅವನ ವಾದ. ಇಂಥವನ ಸವೆದ ಬಲಮಂಡಿಯ ಒಳಪಕ್ಕದ ಅರ್ಧಕ್ಕೆ ಮಾತ್ರ ಲೋಹ, ಪ್ಲಾಸ್ಟಿಕ್ಕು ಕೂರಿಸಿ, ಹೊರಗಿನ ಅರ್ಧವನ್ನು ಹಾಗೇ ಬಿಟ್ಟು ಹೊಲಿದು ಕಳಿಸಿದರೆ ಅವನಿಗೆ ನಿದ್ದೆ ಬಂದೀತೇ?

ಪೂರ್ತಿ ಯಾಕೆ ಹಾಕಲಿಲ್ಲ ಎಂದು ಆಸ್ಪತ್ರೆಯಲ್ಲೇ ಕೇಳಿದ್ದ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ನಿಮಗೆ ಇಷ್ಟು ಸಾಕು" ಎಂದು ಪಕ್ಕದ ಮಂಚಕ್ಕೆ ಹೋದರು. ಇಷ್ಟು ಸಾಕಂತೆ! ಇನ್ನೊಂದು ತುತ್ತು ಕೇಳಿದವನಿಗೆ ಹೇಳುವ ಮಾತು ಅದು, ಕಾಲು ಕೊಯ್ಯಿಸಿಕೊಂಡವನಿಗಲ್ಲ. ಪಕ್ಕದ ಮಂಚದವನಿಗೆ ಪೂರ್ತಿ ಮಂಡಿ ಹಾಕಿದ್ದರು. ಬಡಗಿಯ ತಲೆಗೆ ಸಂಶಯದ ಹುಳ ಹೊಕ್ಕಿದ್ದು ಅಲ್ಲೇ.

ಮನೆಗೆ ಬಂದ ಮೇಲೆ ಹೆಂಡತಿಯ ಮುಂದೆ ಅದೇ ರಾಗ, ಉಳಿದ ಅರ್ಧವನ್ನು ಡಾಕ್ಟರೇ ಇಟ್ಟುಕೊಂಡರು ಎಂದು. ಅವಳಿಗೂ ಸಾಕಾಗಿತ್ತು.

"ಉಳಿದ ಅರ್ಧ ಇಟ್ಕೊಂಡು ಡಾಕ್ಟ್ರು ಏನ್ ಮಾಡ್ತಾರ್ರೀ? ಶೋಕೇಸಲ್ಲಿ ಇಡ್ತಾರಾ?"

"ನಗು ನಗು. ಒಂದು ಮನೇಲಿ ಉಳಿಸಿದ ಮರಾನ ಬಡಗಿ ಇನ್ನೊಂದು ಮನೆಗೆ ಮಾರ್ತಾನೆ ಅಂತ ನಂಗೊತ್ತಿಲ್ವಾ?"

ಅವಳು ಹೊರಗೆ ಹೋದ ಒಂದು ಮಧ್ಯಾಹ್ನ ಅವನು ತಾನೇ ಮಾಡಿದ ಬೀರುವಿನ ಕನ್ನಡಿಯ ಮುಂದೆ ಚಡ್ಡಿಯಲ್ಲಿ ನಿಂತ. ಚೌಕಟ್ಟು ನೆಟ್ಟಗಿದೆಯೇ ಎಂದು ನೋಡುವ ತೂಗುಗುಂಡಿನ ದಾರವನ್ನು ಸೊಂಟದಿಂದ ಪಾದದವರೆಗೆ ಇಳಿಬಿಟ್ಟ. ಗುಂಡು ಸುಮ್ಮನಾಯಿತು. ಮಂಡಿ ದಾರದಿಂದ ಕೊಂಚ ಹೊರಗಿತ್ತು. ವರ್ಷಗಟ್ಟಲೆ ನೆಲಕ್ಕೆ ಮಂಡಿಯೂರಿ ಬಿಲ್ಲಾಗಿದ್ದ ಕಾಲು ಈಗ ಎಷ್ಟೋ ನೆಟ್ಟಗಾಗಿತ್ತು ನಿಜ, ಆದರೆ ಪೂರ್ತಿ ಅಲ್ಲ. ಇಷ್ಟು ವಾಲಿದ ಚೌಕಟ್ಟನ್ನು ತಾನು ಬಿಟ್ಟು ಬಂದಿದ್ದರೆ ಆ ಮನೆಯವರು ಸುಮ್ಮನಿರುತ್ತಿದ್ದರೇ?

ವಾಲಿದ್ದಕ್ಕೆ ಬಡಗಿ ಏನು ಮಾಡುತ್ತಾನೋ ಅದನ್ನೇ ಮಾಡಿದ. ಮರದ ಚೂರೊಂದನ್ನು ತೆಳ್ಳಗೆ ಹೆರೆದು, ಬಲ ಚಪ್ಪಲಿಯ ಅಟ್ಟೆ ಬಿಡಿಸಿ, ಹಿಮ್ಮಡಿಯ ಹೊರ ಅಂಚಿಗೆ ಬೆಣೆಯಾಗಿ ಇಟ್ಟು ಅಂಟಿಸಿದ. ಮತ್ತೆ ದಾರ ಬಿಟ್ಟಾಗ ಕಾಲು ನೆಟ್ಟಗಾದಂತೆ ಕಂಡಿತು. ಆಸ್ಪತ್ರೆಗೆ ಆಗದ್ದು ತನ್ನಿಂದ ಆಯಿತು ಎಂದು ಮೀಸೆ ತಿರುವಿದ. ಯಾರಿಗೂ ಹೇಳಲಿಲ್ಲ.

ಕೆಲವು ವಾರಗಳಲ್ಲಿ ಮಂಡಿ ಮತ್ತೆ ನೋಯತೊಡಗಿತು. ಹೊರಗಿನ ಅರ್ಧದಲ್ಲಿ, ಕತ್ತಿ ತಾಗದೇ ಉಳಿದ ಕಡೆ! ನೋವಿಗಿಂತ ಅವನಿಗೆ ತನ್ನ ವಾದ ಗೆದ್ದ ಹಮ್ಮೇ ಹೆಚ್ಚಾಯಿತು. ಟೀ ಅಂಗಡಿಯವರೆಗೂ ಕುಂಟಿಕೊಂಡು ಹೋಗಿ ಅರ್ಧ ಕೆಲಸದ ಕತೆ ಹೇಳಿ ಬಂದ. ಹೆಂಡತಿ ಮಾತ್ರ ಈಗ ನಗಲಿಲ್ಲ. ಆ ಕಡೆಯೂ ಸವೆದುಹೋದರೆ ಮಂಡಿ ಪೂರ್ತಿ ಬದಲಾಯಿಸಬೇಕು, ಏಣಿ ಹತ್ತುವ ಕೆಲಸ ಅಲ್ಲಿಗೆ ಮುಗಿಯಿತು ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಬಲವಂತದಿಂದ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಅಲ್ಲಿ ವ್ಯಾಯಾಮ ಹೇಳಿಕೊಡುವ ಹೆಣ್ಣುಮಗಳು ಅವನನ್ನು ಬರಿಗಾಲಲ್ಲಿ ನಡೆಸಿದಳು, ಚಪ್ಪಲಿ ಹಾಕಿಸಿ ನಡೆಸಿದಳು. ಅವಳ ಹುಬ್ಬು ಗಂಟಿಕ್ಕಿತು. ಚಪ್ಪಲಿ ಎತ್ತಿಕೊಂಡು ಅಟ್ಟೆಯನ್ನು ಬೆರಳಲ್ಲಿ ಒತ್ತಿ ನೋಡಿದಳು.

"ಇದನ್ನ ಯಾರು ಹಾಕಿದ್ದು?"

"ನಾನೇ ಕಣಮ್ಮ. ನೀವು ವಾಲಿಸಿ ಬಿಟ್ಟಿದ್ದನ್ನ ನೆಟ್ಟಗೆ ಮಾಡ್ಕೊಂಡೆ."

"ಅದನ್ನ ಬೇಕು ಅಂತ್ಲೇ ಅಷ್ಟು ಬಿಟ್ಟಿದ್ದು ಯಜಮಾನ್ರೇ."

ಅವನನ್ನು ಕೂರಿಸಿ, ಮಂಡಿಯ ಎರಡೂ ಪಕ್ಕ ಅವನದೇ ಬೆರಳು ಇರಿಸಿ ಹೇಳಿದಳು. ಮಂಡಿ ಬಾಗಿಲಿನ ಹಾಗೆ ಒಂದೇ ಕಡೆ ತಿರುಗುವುದಿಲ್ಲ. ಮಡಿಸುವಾಗ ಉರುಳುತ್ತದೆ, ಜಾರುತ್ತದೆ, ತುಸು ತಿರುಚಿಕೊಳ್ಳುತ್ತದೆ. ಅದನ್ನು ಹಾಗೆ ನಡೆಸುವುದು ಮೂಳೆಯಿಂದ ಮೂಳೆಗೆ ಕಟ್ಟಿರುವ ಗಟ್ಟಿ ಪಟ್ಟಿಗಳು. ಪೂರ್ತಿ ಬದಲಾಯಿಸಿದರೆ ನಡುವಿನ ಪಟ್ಟಿಗಳಲ್ಲಿ ಒಂದಾದರೂ ಹೋಗುತ್ತದೆ. ಅವನವು ಚೆನ್ನಾಗಿದ್ದವು, ಅದಕ್ಕೇ ಉಳಿಸಿದರು. ಸವೆದ ಕಡೆ ಸವೆದಷ್ಟನ್ನು ತುಂಬಿದರೆ ಕಾಲು ತನ್ನ ಹಳೆಯ ನಿಲುವಿಗೆ ಬರುತ್ತದೆ. ಅದಕ್ಕಿಂತ ನೆಟ್ಟಗೆ ಮಾಡಹೊರಟರೆ ಮೈಭಾರವೆಲ್ಲ ಹೊರಗಿನ ಅರ್ಧದ ಮೇಲೆ ಬೀಳುತ್ತದೆ. ಬೆಣೆ ಮಾಡಿದ್ದು ಅದನ್ನೇ.

ಬಡಗಿ ಚಪ್ಪಲಿಯನ್ನು ತನ್ನ ಕಡೆಗೆ ಎಳೆದುಕೊಂಡ.

"ಕೊಯ್ಯೋ ಮುಂಚೇನೇ ಇದನ್ನೆಲ್ಲ ಹೇಳೋಕೆ ನಿಮ್ಮ ಬಾಯಿಗೇನಾಗಿತ್ತು?"

ಅವಳು ತಲೆ ತಗ್ಗಿಸಿದಳು. "ಡಾಕ್ಟ್ರು ಹೇಳಿರ್ತಾರೆ ಅಂದ್ಕೊಂಡಿದ್ದೆ."

ಡಾಕ್ಟರು ಇವಳು ಹೇಳುತ್ತಾಳೆ ಎಂದುಕೊಂಡಿದ್ದರೇನೋ. ಇಬ್ಬರ ನಡುವೆ ಒಬ್ಬ ಮನುಷ್ಯನ ಕಾಲು. ಅವನ ಸಂಶಯಕ್ಕೆ ನಗುವವರು ನಗಲಿ. ಹೇಳದೇ ಬಿಟ್ಟ ಜಾಗದಲ್ಲಿ ಸಂಶಯವಲ್ಲದೆ ಇನ್ನೇನು ಬೆಳೆಯುತ್ತದೆ?

ಹೊಸ ಎಕ್ಸ್‌ರೇಯಲ್ಲಿ ಹೊರಗಿನ ಅರ್ಧ ಇನ್ನೂ ಸವೆದಿರಲಿಲ್ಲ. ಬೆಣೆ ತೆಗೆದ ಮೇಲೆ ನೋವು ನಿಧಾನಕ್ಕೆ ಇಳಿಯಿತು. ಹಾಗಂತ ಅವನಿಗೆ ಡಾಕ್ಟರ ಮೇಲೆ ನಂಬಿಕೆ ಬಂತೆಂದು ತಿಳಿಯಬೇಡಿ. ಈಗಲೂ ಮನೆಯಲ್ಲಿ ಯಾರೂ ಇಲ್ಲದಾಗ ಕನ್ನಡಿಯ ಮುಂದೆ ದಾರ ಇಳಿಬಿಡುತ್ತಾನೆ. ಮೊನ್ನೆ ಹೆಂಡತಿ ಬಾಗಿಲಲ್ಲಿ ನಿಂತು ನೋಡಿಬಿಟ್ಟಳು.

"ಏನ್ರೀ, ಇನ್ನೂ ನೆಟ್ಟಗಾಗಿಲ್ವಾ?"

"ಇಲ್ಲ ಕಣೇ," ಎಂದ ಅವನು, ಉಸಿರು ಬಿಟ್ಟು. "ಪುಣ್ಯಕ್ಕೆ ಅವ್ರು ಬಿಟ್ಟಷ್ಟೇ ವಾಲಿದೆ."