ತಂಬಿಗೆ ಹಿಡಿದ ಕಾರ್ಯದರ್ಶಿ

ಹೊರದೇಶದ ಹುಡುಗ ಹುಡುಗಿಯರನ್ನು ಕರೆಸಿ ನಮ್ಮ ಹಳ್ಳಿಗಳ ಮನೆಗಳಲ್ಲಿ ಇರಿಸುವ ಪ್ರತಿಷ್ಠಾನವೊಂದು ಬೈಲಹೊಂಗಲದಲ್ಲಿತ್ತು. ನಾನು ಅದರ ಕಾರ್ಯದರ್ಶಿಯ ಸಹಾಯಕ. ಯಾವ ದೇಶದವರೇ ಬರಲಿ, ಕಾರ್ಯದರ್ಶಿ ತಂಬಿಗೆಯಲ್ಲಿ ನೀರು ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು. "ಮೊದಲ ಕೈಕಾಲು ತೊಳಕೋರಿ" ಎನ್ನುವುದೇ ಅವರ ಸ್ವಾಗತ ಭಾಷಣ.

ನಮ್ಮದೆಲ್ಲ ಸರ್ಕಾರದ ಅನುದಾನದ ಮೇಲೆ ನಡೆಯುತ್ತಿತ್ತು. ಒಮ್ಮೆ ಪರಿಶೀಲನೆಗೆ ಬಂದ ಅಧಿಕಾರಿಯನ್ನು ಚಚಡಿ ಹಳ್ಳಿಯ ಮನೆಯೊಂದಕ್ಕೆ ಕರೆದೊಯ್ದೆವು. ಒಲೆಯ ಮುಂದೆ, ಅಲ್ಲಿ ನಾವು ಇರಿಸಿದ್ದ ಜಪಾನಿನ ಹುಡುಗಿಯೂ ಆ ಮನೆಯ ಅಜ್ಜಿಯೂ ರೊಟ್ಟಿ ಬಡಿಯುತ್ತಿದ್ದರು. ಒಬ್ಬರ ಮಾತು ಒಬ್ಬರಿಗೆ ತಿಳಿಯದು, ಆದರೂ ನಗು ನಿಂತಿರಲಿಲ್ಲ. ನಮಗೆ ಕಾಣುತ್ತಿದ್ದುದು ಇಬ್ಬರ ಬೆನ್ನು ಮಾತ್ರ.

"ಇಬ್ಬರನ್ನೂ ಈ ಕಡೆ ತಿರುಗಿಸಿ ಬ್ಯಾನರ್ ಹಿಡಸ್ರಿ. ಮುಖ ಕಾಣೋ ಫೋಟೊ ಇಲ್ಲಂದ್ರ ಅನುದಾನ ಸಿಗೂದು ಕಷ್ಟ ಐತಿ," ಎಂದರು ಅಧಿಕಾರಿ.

ನಾನು ಪ್ರತಿಷ್ಠಾನದ ಬ್ಯಾನರ್ ಬಿಚ್ಚತೊಡಗಿದೆ. ಕಾರ್ಯದರ್ಶಿ ನನ್ನ ಕೈ ಹಿಡಿದರು.

"ಈಗ ಬ್ಯಾಡ್ರಿ ಸಾಹೇಬ್ರ, ಹಂಚಿನ ಮ್ಯಾಲಿನ ರೊಟ್ಟಿ ಸುಟ್ಟು ಹೋಗತೈತಿ. ನೀವೂ ಕೈ ತೊಳಕೋರಿ."

ಅಧಿಕಾರಿ ಉಂಡರು. ಬಿಸಿ ರೊಟ್ಟಿ ಬಡಿಸಿದವಳು ಆ ಹುಡುಗಿಯೇ. ಆಮೇಲೆ ಅಧಿಕಾರಿ ಬ್ಯಾನರಿನ ಮಾತೆತ್ತದೆ, ಮತ್ತೆ ಒಲೆಯ ಮುಂದೆ ಕುಳಿತ ಇಬ್ಬರ ಬೆನ್ನಿನ ಫೋಟೊವನ್ನೇ ತೆಗೆದುಕೊಂಡು ಹೋದರು.

ಅನುದಾನ ಬರಲಿಲ್ಲ. ಪ್ರತಿಷ್ಠಾನಕ್ಕೆ ಬೀಗ ಬಿತ್ತು. ಒಂದು ಫೋಟೊಗಾಗಿ ಕಾರ್ಯದರ್ಶಿ ಎಲ್ಲ ಕಳೆದರಲ್ಲ ಎಂದು ನನಗೆ ಬಹಳ ದಿನ ಸಿಟ್ಟಿತ್ತು.

ಮರುವರ್ಷ ಅದೇ ಅಧಿಕಾರಿ ರಜೆ ಹಾಕಿ, ಹೆಂಡತಿ ಮಗಳನ್ನು ಕರೆದುಕೊಂಡು ಕಾರ್ಯದರ್ಶಿಯ ಮನೆಗೆ ಬಂದರು. ನಾನೂ ಅಲ್ಲಿದ್ದೆ.

"ನಾ ಭಾಳ ಪ್ರಯತ್ನ ಮಾಡಿದ್ನಿರಿ, ಆದ್ರ…" ಎಂದು ಶುರುಮಾಡಿದರು.

ಕಾರ್ಯದರ್ಶಿ ಆಗಲೇ ತಂಬಿಗೆ ಹಿಡಿದು ಬಾಗಿಲಲ್ಲಿದ್ದರು.

"ಮೊದಲ ಕೈಕಾಲು ತೊಳಕೋರಿ."