ಬಸ್ಸಿನ ಮಣೆ

ಕಂಡಕ್ಟರನ ಎಡಗೈಯ ಕಿರುಬೆರಳು ಕೊಕ್ಕೆಯ ಹಾಗೆ ಹೊರಗೆ ಬಾಗಿತ್ತು. ಯಾವಾಗಲೋ ಬಸ್ಸಿನ ಬಾಗಿಲಿಗೆ ಸಿಕ್ಕಿ ಮುರಿದದ್ದಂತೆ, ಮತ್ತೆ ನೆಟ್ಟಗಾಗಲಿಲ್ಲ. ನಾವು ವಯಸ್ಸಾದವರು ಹತ್ತುವಾಗ ಅವನು ಚಾಚುತ್ತಿದ್ದದ್ದು ಅದೇ ಕೈ. ಚಾಚುತ್ತಿದ್ದ, ಅಷ್ಟೆ. ಎಳೆಯುತ್ತಿರಲಿಲ್ಲ. ಮುಂಗೈಯನ್ನು ಮರದ ಗೆಲ್ಲಿನ ಹಾಗೆ ಬಿಗಿ ಮಾಡಿ ನಿಲ್ಲುತ್ತಿದ್ದ. ಹಿಡಿದುಕೊಳ್ಳುವುದು ನಮ್ಮ ಕೆಲಸ. ಒಮ್ಮೆ ಒಳಗಿದ್ದ ಯಾರೋ ನನ್ನ ರಟ್ಟೆ ಹಿಡಿದು ಮೇಲೆ ಎಳೆಯಲು ಬಂದರು. ಅವರನ್ನು ಗದರಿದ. "ಎಳೆಯುದು ಗೋಣಿಯನ್ನು. ಅವರು ಹತ್ತುತ್ತಾರೆ, ನೀವು ಜಾಗ ಬಿಡಿ."

ನಯದ ಮಾತಿನ ಜನ ಅಲ್ಲ ಅವನು. ಚಿಲ್ಲರೆ ಇಲ್ಲದವರಿಗೂ ಬೈಗುಳ, ಫೋನಿನಲ್ಲಿ ಮಾತಾಡುತ್ತ ಬಾಗಿಲಲ್ಲಿ ನಿಂತವರಿಗೂ ಬೈಗುಳ. ನಕ್ಕದ್ದನ್ನು ನಾನು ಕಂಡದ್ದು ಕಡಿಮೆ. ಜನ ಹತ್ತಿದ ಕೂಡಲೇ ಬಸ್ಸು ಬಿಡಲು "ರೈಟ್ ಪೋಯಿ" ಎಂದು ಕೂಗುವುದು ನಮ್ಮ ಕಡೆಯ ಬಸ್ಸಿನವರ ಬಾಯಿಪಾಠ. ಇವನು ಮಾತ್ರ ತಿರುಗಿ ನಮ್ಮನ್ನು ನೋಡಿ, "ಕೂತಾಯ್ತಾ?" ಎಂದು ಕೇಳಿ, ಆಯಿತು ಎಂದ ಮೇಲೆಯೇ ವಿಸಿಲು ಊದುತ್ತಿದ್ದ.

ನಾನು ಬಸಳೆ, ಹರಿವೆ, ಬಾಳೆಎಲೆ ಮಾರುವವಳು. ಮನೆ ಇರುವುದು ಸುಬ್ರಹ್ಮಣ್ಯದಿಂದ ಕಡಬಕ್ಕೆ ಹೋಗುವ ದಾರಿಯಲ್ಲಿ. ಕಡಬ ಪೇಟೆಯ ಒಂದು ಅಂಗಡಿಯ ಬದಿಯಲ್ಲಿ ಮೊದಲು ನನ್ನ ಅತ್ತೆ ಕೂರುತ್ತಿದ್ದರು, ಅವರ ನಂತರ ನಾನು. ಬೋರ್ಡು ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿ ಆಗುತ್ತದೆ, ನನ್ನ ಓದು ಅಷ್ಟೇ. ಹಾಗಾಗಿ ಬಸ್ಸನ್ನು ಅವನ ಸ್ವರದಿಂದ ಗುರುತು ಹಿಡಿಯುತ್ತಿದ್ದೆ. ಸೊಪ್ಪು ಬಾಡಬಾರದೆಂದು ನನ್ನ ಬುಟ್ಟಿಯನ್ನು ಬಿಸಿಲು ಬೀಳದ ಬದಿಗೆ ಇಡುತ್ತಿದ್ದ. ಉಪಕಾರವಾಯಿತು ಎಂದರೆ ಕಿವಿ ಕೇಳದವನ ಹಾಗೆ ಮುಂದೆ ಹೋಗುತ್ತಿದ್ದ.

ರಸ್ತೆ ಅಗಲ ಮಾಡಿ ಡಾಮರು ಏರಿಸಿದರು. ರಸ್ತೆ ಮೇಲಾಯಿತು, ನಮ್ಮ ಸ್ಟಾಪಿನ ಮಣ್ಣು ಕೆಳಗೆ ಉಳಿಯಿತು. ಬಸ್ಸಿನ ಮೊದಲ ಮೆಟ್ಟಿಲು ನನ್ನ ಸೊಂಟಕ್ಕೆ ಬಂತು ಎಂದರೆ ಸುಳ್ಳಾದೀತು, ತೊಡೆಗೆ ಬಂತು. ನನ್ನ ಬಲಗಾಲಿನ ಗಂಟು ಅದಕ್ಕೆ ಮೊದಲೇ ಕೆಟ್ಟಿತ್ತು. ಒಂದು ದಿನ ಅವನ ಕೈ ಹಿಡಿದು ಕಾಲೆತ್ತಿದೆ, ಆಗಲಿಲ್ಲ. ಹಿಂದಿದ್ದವರು ಅವಸರ ಮಾಡಿದರು, ನಾನು ಬದಿಗೆ ಸರಿದೆ, ಬಸ್ಸು ಹೋಯಿತು. ಮರುದಿನವೂ ಅದೇ. ಬುಟ್ಟಿ ತಲೆಯ ಮೇಲೆ ಮನೆಗೆ ವಾಪಸು ಬಂತು.

ಮಗ ಇನ್ನು ಸಾಕು ಎಂದ. ಸೊಸೆ ಜಗಲಿಯಲ್ಲಿ ಕುರ್ಚಿ ಹಾಕಿ ಬೆನ್ನಿಗೆ ದಿಂಬು ಇಟ್ಟಳು. ಅವಳ ಮನಸ್ಸು ಒಳ್ಳೆಯದು, ಕುರ್ಚಿಯೂ ಒಳ್ಳೆಯದು. ಆದರೆ ಆ ಕುರ್ಚಿಯಿಂದ ಕಾಣುವುದು ಪಕ್ಕದ ಮನೆಯ ಬಚ್ಚಲಿನ ಗೋಡೆ. ಕಡಬದಲ್ಲಿ ನನ್ನ ಜಾಗ ಖಾಲಿ ಬಿದ್ದರೆ ಬೇರೆ ಯಾರಾದರೂ ಬುಟ್ಟಿ ಇಡುತ್ತಾರೆ, ಮತ್ತೆ ಅದು ನನಗೆ ಸಿಗುವುದಿಲ್ಲ. ಅಲ್ಲಿ ಜನ "ಬಸಳೆಯಮ್ಮ ಎಲ್ಲಿ" ಎಂದು ಹುಡುಕಿಕೊಂಡು ಬರುತ್ತಾರೆ. ಮನೆಯಲ್ಲಿ ನಾನು, ಮಾತ್ರೆ ತೆಗೆದುಕೊಂಡಿರಾ ಎಂದು ಕೇಳಿಸಿಕೊಳ್ಳುವವಳು. ನನಗೆ ವಿಶ್ರಾಂತಿ ಬೇಡವಾಗಿತ್ತು. ಆ ಜಾಗ ಬೇಕಾಗಿತ್ತು.

ಹಾಗಾಗಿ ಇನ್ನೊಂದು ದಿನ ಬುಟ್ಟಿ ಹಿಡಿದು ಪುನಃ ಹೋಗಿ ನಿಂತೆ. ಬಸ್ಸು ಬಂತು, ಕಂಡಕ್ಟರ್ ಕೆಳಗೆ ಇಳಿದ. ಅವನ ಕೈಯಲ್ಲಿ ಹಲಸಿನ ಮರದ ಒಂದು ಹಳೆಯ ಮಣೆ. ಅದಕ್ಕೆ ಗೇಣುದ್ದದ ಕಾಲು ಹೊಡೆಸಿದ್ದ. ನನ್ನ ಎದುರು ಇಟ್ಟು, "ಹ್ಞಾಂ, ಅಕ್ಕ" ಎಂದ.

ಎದುರು ಮಣೆ ಇಟ್ಟರೆ ಎಂತ ಮಾಡುವುದು? ಕೂರುವುದು. ಬಸ್ಸು ಕೆಟ್ಟಿರಬೇಕು, ಸರಿಯಾಗುವ ತನಕ ಕೂರಲು ಕೊಟ್ಟಿದ್ದಾನೆ, ಬಾಯಿ ಜೋರಾದರೂ ಮರ್ಯಾದೆ ಗೊತ್ತಿರುವವನು ಎಂದುಕೊಂಡು ಸೀರೆ ಸರಿ ಮಾಡಿ ಕೂತೆ. ಬಸ್ಸಿನ ಒಳಗೆಲ್ಲ ನಗು.

"ಅಕ್ಕ, ಊಟಕ್ಕೆ ಹಾಕಿದ್ದಲ್ಲ. ಹತ್ತಲಿಕ್ಕೆ."

"ಮಣೆಗೆ ಕಾಲು ಇಡುದಾ? ನಿನ್ನ ಮಂಡೆ ಸಮ ಉಂಟಾ?"

"ನನ್ನದು ಉಂಟು. ನೀವು ಏಳಿ."

ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಬಾಳೆಎಲೆ ಬುಟ್ಟಿಯಲ್ಲೇ ಉಂಟಲ್ಲ ಮಾರಾಯ. ಬಡಿಸಿಯೇ ಹೋಗುವ."

ಏಳಬೇಕಾದರೆ ಗಂಟು ಕೇಳಬೇಕಲ್ಲ. ಸೊಟ್ಟ ಬೆರಳಿನ ಕೈ ಮುಂದೆ ಬಂತು. ಹಿಡಿದು ಎದ್ದೆ. ಚಪ್ಪಲಿ ತೆಗೆದು ಕೈಯಲ್ಲಿ ಹಿಡಿದು, ಮಣೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಅದರ ಮೇಲೆ ಕಾಲಿಟ್ಟು ಬಸ್ಸು ಹತ್ತಿದೆ. ಕಡಬದಲ್ಲಿ ನನ್ನ ಜಾಗ ಹಾಗೆಯೇ ಇತ್ತು.

ಅಲ್ಲಿಂದ ಮೇಲೆ ಸ್ಟಾಪು ಸ್ಟಾಪಿನಲ್ಲಿ ಅದೇ ಕಥೆ. ಹತ್ತಲಾಗದೆ ಮನೆಯಲ್ಲಿ ಉಳಿದವರು ನಾನೊಬ್ಬಳೇ ಅಲ್ಲ ಎಂದು ಆಗ ಗೊತ್ತಾದದ್ದು. ಎಲ್ಲರೂ ಚಪ್ಪಲಿ ತೆಗೆಯುವವರೇ, ಎಲ್ಲರೂ ಮಣೆಗೆ ಕೈ ಮುಗಿಯುವವರೇ. ಒಬ್ಬಳು ಚಪ್ಪಲಿಯನ್ನು ರಸ್ತೆಯಲ್ಲೇ ಬಿಟ್ಟು ಹತ್ತಿದಳು. ಸಂಜೆಯ ಟ್ರಿಪ್ಪಿನಲ್ಲಿ ಅವನೇ ಹುಡುಕಿ ತಂದು ಕೊಟ್ಟ, ಬೈದುಕೊಂಡೇ. ಬಸ್ಸಿಗೆ ದಿನವೂ ತಡ. ಹಿಂದಿನ ಬಸ್ಸು ಮುಂದೆ ಹೋಗಿ ಜನರನ್ನು ತುಂಬಿಸಿಕೊಂಡಿತು. ಆಫೀಸಿಗೆ ಹೋಗುವವರು ಬಸ್ಸಿನ ಧಣಿಗೆ ದೂರು ಹೇಳಿದರು. ಇನ್ನು ತಡವಾದರೆ ಆ ಮಣೆ ಬಸ್ಸಿನಲ್ಲಿ ಇರಬಾರದು ಎಂದು ಧಣಿ ಹೇಳಿದನಂತೆ.

ಕಂಡಕ್ಟರ್ ಅದನ್ನು ನಮ್ಮಿಂದ ಮುಚ್ಚಿಡಲಿಲ್ಲ. "ಇದು ಹೋದರೆ ನೀವೆಲ್ಲ ಮನೆಯಲ್ಲೇ. ಗೊತ್ತುಂಟಲ್ಲ?" ಎಂದ. ಗೊತ್ತಿತ್ತು. ಆದರೂ ಚಪ್ಪಲಿ ಹಾಕಿಕೊಂಡು ಮಣೆ ಮೆಟ್ಟಲು ಕಾಲು ಬರಲಿಲ್ಲ.

ಒಂದು ವಾರ ಕಳೆಯುವ ಮೊದಲು ಅವನು ಹಳೆಯ ಟಯರಿನ ರಬ್ಬರು ತಂದು ಮಣೆಯ ಮೇಲೂ ಬದಿಗೂ ಮೊಳೆ ಹೊಡೆದ, ಮರ ಎಲ್ಲೂ ಕಾಣದ ಹಾಗೆ. "ಇದು ಮಣೆ ಅಲ್ಲ. ಬಸ್ಸಿನ ಮೆಟ್ಟಿಲು. ಚಪ್ಪಲಿ ಹಾಕಿಯೇ ಹತ್ತುದು" ಎಂದ. ಒಳಗೆ ಇರುವುದು ಅದೇ ಹಲಸಿನ ಮಣೆ ಎಂದು ನಮಗೆ ಗೊತ್ತಿಲ್ಲವೇ? ಗೊತ್ತಿತ್ತು. ಆದರೆ ಮರ ಕಾಣದಾದ ಮೇಲೆ ಕಾಲು ಹಿಂಜರಿಯಲಿಲ್ಲ. ಮೆಟ್ಟಿಲು ಎಂದು ಕರೆದೆವು, ಮೆಟ್ಟಿದೆವು.

ಅದರ ಜೊತೆಗೆ ನಮಗೂ ಕೆಲಸ ಹೇಳಿದ. ಬಸ್ಸು ಬರುವ ಮೊದಲೇ ಚಿಲ್ಲರೆ ಕೈಯಲ್ಲಿರಬೇಕು. ಮುಂದಿನ ಬಾಗಿಲು ಬರುವಲ್ಲಿ ನಿಂತಿರಬೇಕು, ಉಳಿದವರು ಹಿಂದಿನ ಬಾಗಿಲಿಗೆ. ತಪ್ಪಿದರೆ ವಯಸ್ಸು ನೋಡದೆ ಬೈಗುಳ. ಮನೆಯಲ್ಲಿ ಕುರ್ಚಿ ಹಾಕಿದವರು ನನ್ನಿಂದ ಏನನ್ನೂ ಕೇಳಿರಲಿಲ್ಲ. ಇವನು ಕೇಳಿದ. ಬೈಸಿಕೊಂಡರೂ ನನಗೆ ಅದು ಹಿತವಾಯಿತು.

ಬಸ್ಸು ಹೊತ್ತಿಗೆ ಸರಿಯಾಗಿ ಓಡಿತು. ಧಣಿ ಮತ್ತೆ ಮಾತೆತ್ತಲಿಲ್ಲ. ಮುಚ್ಚಿದ್ದ ಅಂಗಡಿಯನ್ನು ಒಬ್ಬ ಮುದಿ ದರ್ಜಿ ಪುನಃ ತೆಗೆದ. ಆಸ್ಪತ್ರೆಗೆ ಮಾತ್ರ, ಅದೂ ಬಾಡಿಗೆ ಜೀಪಿನಲ್ಲಿ ಹೊರಗೆ ಬರುತ್ತಿದ್ದವರು ಮದುವೆ ಊಟಕ್ಕೂ ಬರತೊಡಗಿದರು. ಸೊಸೆ ಆ ಕುರ್ಚಿಯಲ್ಲಿ ಹಪ್ಪಳ ಒಣಗಿಸಿದಳು.

ಕೆಲವು ವರ್ಷ ಹೀಗೆ ಹೋಯಿತು. ಆಮೇಲೆ ಅವನ ಸೊಂಟ ಕೆಟ್ಟಿತು. ದಿನವಿಡೀ ಓಡುವ ಬಸ್ಸಿನಲ್ಲಿ ನಿಂತೇ ಕಳೆದವನು, ಕೆಡದೆ ಇರುತ್ತದೆಯೇ? ಕೆಲಸ ಬಿಟ್ಟ. ಬೇರೆ ಕಂಡಕ್ಟರ್ ಬಂದ.

ಒಂದು ಮಧ್ಯಾಹ್ನ ಕಡಬದ ಬಸ್‌ಸ್ಟ್ಯಾಂಡಿನಲ್ಲಿ ಅವನು ಸಿಕ್ಕಿದ. ಡಾಕ್ಟರಿಗೆ ತೋರಿಸಿ ಬಂದಿದ್ದ, ಕೈಯಲ್ಲಿ ಮದ್ದಿನ ಚೀಲ. ಅದೇ ಬಸ್ಸಿಗೆ ಇಬ್ಬರೂ ಕಾದೆವು. ಬಸ್ಸು ಬಂತು, ಹೊಸಬ ಮೆಟ್ಟಿಲು ಇಟ್ಟ, ನಾನು ಹತ್ತಿ ಬಾಗಿಲ ಬಳಿಯ ಸೀಟು ಹಿಡಿದೆ. ಅವನ ಸರದಿ ಬಂದಾಗ ಅವನು ನಿಂತುಬಿಟ್ಟ. ಸೊಂಟಕ್ಕೆ ಕೈ ಕೊಟ್ಟು ಬಾಗಿ, ಚಪ್ಪಲಿ ತೆಗೆದು ಕೈಯಲ್ಲಿ ಹಿಡಿದು, ಬರಿಗಾಲನ್ನು ಆ ರಬ್ಬರಿನ ಮೇಲಿಟ್ಟು ಹತ್ತಿದ.

ಹೊಸಬ ವಿಸಿಲು ಬಾಯಿಗೆ ಇಟ್ಟಾಗಿತ್ತು. ತಡಿ ಎಂದೆ. "ಕೂತಾಯ್ತಾ?" ಎಂದು ಆ ದಿನ ಕೇಳಿದ್ದು ನಾನು. ಆಯ್ತು ಎಂದ. ಬಸ್ಸು ಹೊರಟ ಮೇಲೆ ನನಗೆ ಬಾಯಿ ಕಟ್ಟಿ ಕೂರಲು ಆಗಲಿಲ್ಲ.

"ಎಂತ ಮಾರಾಯ, ಮೆಟ್ಟಿಲಿಗೆ ಯಾರಾದರೂ ಚಪ್ಪಲಿ ತೆಗೀತಾರಾ?"

"ನನ್ನ ಅಮ್ಮ ಉಣ್ಣಲಿಕ್ಕೆ ಕೂರುತ್ತಿದ್ದ ಮಣೆ, ಅಕ್ಕ."

"ಮತ್ತೆ ನಮ್ಮ ಹತ್ತಿರ ಚಪ್ಪಲಿ ಹಾಕಿ ಮೆಟ್ಟಿ ಅಂದದ್ದು?"

"ನಿಮಗೆ ಅದು ಮೆಟ್ಟಿಲು" ಎಂದ. ಮತ್ತೆ ಕಿಟಕಿಯ ಕಡೆ ತಿರುಗಿದ.

ಕಳೆದ ವರ್ಷ ಅವನು ತೀರಿಕೊಂಡ. ಸುದ್ದಿ ಬಸ್ಸಿನಲ್ಲೇ ಬಂತು. ಮನೆಗೆ ಹೋಗಿ ಬರೋಣ ಎಂದು ನಾವು ವಯಸ್ಸಾದವರು ಒಟ್ಟಾಗಿ ಹೊರಟೆವು. ಅಂಗಳದಲ್ಲಿ ನಮ್ಮನ್ನು ಕಂಡು ಅವನ ಹೆಂಡತಿ, ಇಷ್ಟು ಪ್ರಾಯದವರು ಇಷ್ಟು ದೂರ ಹೇಗೆ ಬಂದಿರಿ ಎಂದು ಕೇಳಿದಳು. ಬಸ್ಸಿನಲ್ಲಿ ಎಂದೆವು.

ನಾನು ಈಗಲೂ ಕಡಬಕ್ಕೆ ಹೋಗುತ್ತೇನೆ. ಹೊಸಬನಿಗೆ ಕೆಲವು ದಿನ ಮರೆತು ಹೋಗುತ್ತದೆ. ಮೆಟ್ಟಿಲು ಇಡು ಎಂದು ನಾನೇ ಹೇಳಬೇಕು, ಹೇಳುತ್ತೇನೆ. ತುಳಿದು ತುಳಿದು ನಡುವಿನ ರಬ್ಬರು ಸವೆದು ಹೋಗಿದೆ, ಹಲಸಿನ ಹಳದಿ ಮರ ಪುನಃ ಕಾಣುತ್ತದೆ. ಅದನ್ನು ಕಂಡು ಕೆಲವರು ಮೊದಲಿನ ಹಾಗೆ ಚಪ್ಪಲಿ ತೆಗೆಯಲು ಶುರು ಮಾಡಿದ್ದಾರೆ. ನಾನು ತೆಗೆಯುವುದಿಲ್ಲ. ನನಗೆ ಅದು ಮೆಟ್ಟಿಲು ಎಂದು ಹೇಳಿ ಹೋದವನು ಅವನು. ಮೊದಲು ಬುಟ್ಟಿ ಹತ್ತಿಸುತ್ತೇನೆ, ಮತ್ತೆ ಮಣೆ ಮೆಟ್ಟಿ ನಾನು ಹತ್ತುತ್ತೇನೆ.